ಫ್ರಿಜ್ಜಿನಲ್ಲಿ ತಾಯಿಯ ಹಾಲಿಗೆ ಜಾಗವೆಲ್ಲಿ?

ಸತ್ತೂರಿನ ನಮ್ಮ ಸಂಘದ ಸಭೆಯಲ್ಲಿ ಮೊನ್ನೆ ಉಳಿತಾಯದ ಲೆಕ್ಕ ಮುಗಿದ ಮೇಲೂ ಒಬ್ಬ ಹೆಣ್ಣುಮಗಳು ಏಳದೆ ಕುಳಿತಿದ್ದಳು. ಕುಪ್ಪಸ ಎದೆಯ ಬಳಿ ತೋಯ್ದಿತ್ತು, ಸೆರಗಿನಿಂದ ಮುಚ್ಚಿಕೊಂಡಿದ್ದಳು. ನಾಲ್ಕು ತಿಂಗಳ ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಇಲ್ಲೇ ಸಮೀಪದ ಕಾರ್ಖಾನೆಯೊಂದಕ್ಕೆ ಹೋಗುತ್ತಾಳೆ. ಗುತ್ತಿಗೆದಾರನ ಕೆಳಗಿನ ಕೆಲಸ. ಹೆರಿಗೆ ರಜೆಯ ಮಾತನ್ನು ಅವಳೂ ಎತ್ತಿಲ್ಲ, ಅವನೂ ಎತ್ತಿಲ್ಲ. ಮಧ್ಯಾಹ್ನ ಎದೆ ಕಲ್ಲಿನಂತಾದಾಗ ಕಕ್ಕಸಿನಲ್ಲಿ ನಿಂತು ಹಾಲು ಹಿಂಡಿ ಚೆಲ್ಲಿ ಬರುತ್ತಾಳೆ. ಅದೇ ಹೊತ್ತಿಗೆ ಮನೆಯಲ್ಲಿ ಕೂಸಿಗೆ ಡಬ್ಬಿಯ ಪುಡಿ ಕಲಸಿ ಕುಡಿಸುತ್ತಾರೆ. ಡಬ್ಬಿ ಬೇಗ ತೀರಬಾರದೆಂದು ನೀರು ಜಾಸ್ತಿ.

"ಮುಂಜಾನೆ ಹಿಂಡಿ ಇಟ್ಟು ಹೋಗಬಾರದೇನವಾ?" ಎಂದೆ.

"ಫ್ರಿಜ್ಜಿನ್ಯಾಗ ಎದಿಹಾಲು ಇಟ್ರ ಮೈಲಿಗಿ ಅಂತಾರ್ರೀ ಮೇಡಂ."

ಆ ಫ್ರಿಜ್ಜು ಎಲ್ಲಿಯದೆಂದು ಕೇಳಿದೆ. ಮದುವೆಯಲ್ಲಿ ಅವಳ ಅಪ್ಪ ಸಾಲ ಮಾಡಿ ಕೊಡಿಸಿದ್ದು!

ಗೆಳತಿಯರೇ, ವರದಕ್ಷಿಣೆ ಎಂದರೆ ನಾವು ಸೀಮೆಎಣ್ಣೆ, ಬೆಂಕಿ, ಬಾವಿಗಳನ್ನೇ ನೆನೆಯುತ್ತೇವೆ. ತವರಿನಿಂದ ಬಂದ ಪೆಟ್ಟಿಗೆಯ ಒಂದು ಅಂಕಣವೂ ಅವಳ ಪಾಲಿಗೆ ಇಲ್ಲದಿರುವುದನ್ನು ಯಾವ ಲೆಕ್ಕಕ್ಕೆ ಸೇರಿಸೋಣ? ಪೇಟೆಯಿಂದ ತಂದ ಎಮ್ಮೆಯ ಹಾಲು ಅಲ್ಲಿ ಮಡಿ, ಹೆತ್ತವಳ ಹಾಲು ಮೈಲಿಗೆ. ತಾಯ್ತನವನ್ನು ಹಾಡಿ ಹೊಗಳುವ ಜನವೇ ತಾಯಿಯ ಮೈಯಿಂದ ಬಂದದ್ದನ್ನು ಕಂಡು ಮುಖ ಸಿಂಡರಿಸುತ್ತಾರೆ.

ನಾನು ಅವಳಿಗೆ ಬುದ್ಧಿ ಹೇಳುವಷ್ಟು ದೊಡ್ಡವಳೇನಲ್ಲ. ಎಂಎ ಮಾಡಿ, ಪಾಠ ಹೇಳುತ್ತಿದ್ದ ನಾನೂ ಮೊದಲ ಹೆರಿಗೆಯ ನಂತರ ಎರಡು ಪಿರಿಯಡ್‌ಗಳ ನಡುವೆ ಕಾಲೇಜಿನ ಬಚ್ಚಲಿನಲ್ಲಿ ಹಾಲು ಹಿಂಡಿ ಚೆಲ್ಲಿದವಳೇ. ಅದನ್ನು ಇಟ್ಟು ಕುಡಿಸಬಹುದೆಂದು ನನಗೆ ಯಾರೂ ಹೇಳಲಿಲ್ಲ. ಓದಿದವಳಾಗಿ ನಾನೂ ಕೇಳಲಿಲ್ಲ. ಆದ್ದರಿಂದ ಅಂದು ಸಭೆಯಲ್ಲಿ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ.

ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಮುಚ್ಚಳವಿರುವ ಸ್ಟೀಲಿನ ಬಟ್ಟಲನ್ನು ತೊಳೆದು, ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಒರೆಸದೆ ಆರಲು ಬಿಡಬೇಕು. ಯಂತ್ರ ಬೇಕಾಗಿಲ್ಲ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಎರಡು ಬೆರಳಿನಷ್ಟು ಹಿಂದೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ ಆಮೇಲೆ ಅಮುಕಿ ಬಿಡಬೇಕು. ತೊಟ್ಟನ್ನೇ ಎಳೆದರೆ ನೋವು ಬರುತ್ತದೆಯೇ ಹೊರತು ಹಾಲು ಬರುವುದಿಲ್ಲ. ಎರಡೂ ಕಡೆ ಸೇರಿ 20-30 ನಿಮಿಷ ಹಿಡಿಯುತ್ತದೆ. ಮೊದಲ ದಿನ ಎರಡು ಚಮಚ ಬಂದರೆ ಹೆದರಬೇಡಿ. ಹಿಂಡಿದಷ್ಟೂ ಊರುವುದು ಎದೆಹಾಲಿನ ಗುಣ.

ತಣ್ಣಗಿನ ಕೋಣೆಯಲ್ಲಿ, ಅಂದರೆ 25 ಡಿಗ್ರಿಯೊಳಗೆ, ಈ ಹಾಲು 4 ತಾಸು ಇರುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮನೆಯೊಳಗೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಹಿಂಡಿದ ಕೂಡಲೇ ತಣ್ಣಗಿಡಬೇಕು. ಫ್ರಿಜ್ಜಿನಲ್ಲಿ 4 ದಿನದವರೆಗೆ ಇಡಬಹುದೆಂದು ವೈದ್ಯರು ಹೇಳುತ್ತಾರೆ. ಕರೆಂಟು ಹೋಗಿ ಬರುವ ಮನೆಗಳಲ್ಲಿ ಮರುದಿನವೇ ಮುಗಿಸಿರೆಂದು ನಾನು ಹೇಳುತ್ತೇನೆ. ಬಾಗಿಲಿನ ಅಂಚಿನಲ್ಲಿ ಬೇಡ, ಒಳಗೆ ಹಿಂಬದಿಗೆ ಇಡಿ. ಬಿಸಿ ಹಾಲನ್ನು ತಣ್ಣನೆಯ ಹಾಲಿಗೆ ಸುರಿಯಬೇಡಿ. ಮೇಲೆ ಕೆನೆ ನಿಂತು ಕೆಳಗೆ ನೀರಾದಂತೆ ಕಂಡರೆ ಹಾಲು ಒಡೆದಿದೆ ಎಂದು ಅತ್ತೆಯಂದಿರು ಚೆಲ್ಲಿಬಿಡುತ್ತಾರೆ. ಅದು ಒಡೆದದ್ದಲ್ಲ, ಮೆಲ್ಲಗೆ ಅಲುಗಾಡಿಸಿದರೆ ಕೂಡಿಕೊಳ್ಳುತ್ತದೆ. ಒಲೆಯ ಮೇಲೆ ಕುದಿಸಿದರೆ ರೋಗ ತಡೆಯುವ ಅಂಶಗಳು ಹಾಳಾಗುತ್ತವೆ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನಿಟ್ಟರೆ ಸಾಕು. ಕುಡಿಸಲು ಬಾಟಲಿ ಬೇಡ, ನಮ್ಮ ಅಜ್ಜಿಯರ ಒಳಲೆಯೇ ಇದೆ, ತೊಳೆಯಲು ಸುಲಭ. ಕೂಸು ಬಾಯಿ ಹಚ್ಚಿ ಬಿಟ್ಟದ್ದನ್ನು ಎರಡು ತಾಸಿನ ಮೇಲೆ ಇಡಬಾರದು.

"ಇದು ದೊಡ್ಡ ಊರಿನವರ ಶೋಕಿ" ಎಂದು ಒಬ್ಬ ಹಿರಿಯಳು ಅಂದಳು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿದ ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ, ಧಾರಾವಿಯ ಬಡ ಹೆಂಗಸರು ಹೆರಿಗೆಗೆ ಬರುವಲ್ಲಿ, 1989ರಲ್ಲಿ ಅವರು ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕು ತೆರೆದರು. ದಿನ ತುಂಬದೆ ಹುಟ್ಟಿದ ಕೂಸುಗಳು ಸೋಂಕಿನಿಂದ ಸಾಯುವುದನ್ನು ಕಂಡು, ಬೇರೆ ತಾಯಂದಿರು ಹಿಂಡಿ ಕೊಟ್ಟ ಹಾಲನ್ನು ಶುದ್ಧಗೊಳಿಸಿ ಕುಡಿಸಿದರು. ಅದೇ ವೈದ್ಯೆ 1999ರಲ್ಲಿ ಸ್ಥಾಪಿಸಿದ 'ಸ್ನೇಹಾ' ಸಂಸ್ಥೆ ಅದೇ ಕೊಳೆಗೇರಿಗಳಲ್ಲಿ ಹೆಂಗಸರ ಮೇಲಿನ ಹಿಂಸೆಯ ವಿರುದ್ಧವೂ ಕೆಲಸ ಮಾಡುತ್ತಾ ಬಂದಿದೆ. ಕೂಸಿನ ತೂಕ ನೋಡಲು ಮನೆಯೊಳಗೆ ಹೋದವರಿಗೆ ತಾಯಿಯ ಮೈಮೇಲಿನ ಬಾಸುಂಡೆ ಕಾಣದೇ ಇರುತ್ತದೆಯೇ?

ಕಾನೂನಿನ ಮಾತು. ವರದಕ್ಷಿಣೆ ನಿಷೇಧ ಕಾಯ್ದೆ ಮತ್ತು ಹೆರಿಗೆ ಸೌಲಭ್ಯ ಕಾಯ್ದೆ ಎರಡೂ 1961ರಲ್ಲೇ ಹುಟ್ಟಿದ ಅಕ್ಕತಂಗಿಯರು. ವರದಕ್ಷಿಣೆಯಾಗಿ ಬಂದ ವಸ್ತುವನ್ನು ಮೂರು ತಿಂಗಳೊಳಗೆ ಹೆಣ್ಣಿಗೇ ಒಪ್ಪಿಸಬೇಕೆಂದು ಮೊದಲನೆಯದು ಹೇಳುತ್ತದೆ. ಸ್ತ್ರೀಧನಕ್ಕೆ ಅವಳೇ ಪೂರ್ಣ ಒಡತಿ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮನೆಯಲ್ಲಿ ಅವಳಿಗೆ ಹಕ್ಕಿರುವ ಸೌಲಭ್ಯವನ್ನು ತಡೆಯುವುದು 2005ರ ಕಾಯ್ದೆಯಲ್ಲಿ ಆರ್ಥಿಕ ಹಿಂಸೆ. ಫ್ರಿಜ್ಜಿನ ಅಂಕಣಕ್ಕಾಗಿ ಕೋರ್ಟು ಹತ್ತಿರೆಂದು ನಾನು ಹೇಳುತ್ತಿಲ್ಲ. ಆದರೆ ಅತ್ತೆಯೆದುರು ನಿಂತಾಗ ಈ ಮಾತು ಹೊಟ್ಟೆಯೊಳಗಿರಲಿ.

ಎರಡನೆಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಹೆರಿಗೆಗೆ ಮೊದಲ 12 ತಿಂಗಳಲ್ಲಿ 80 ದಿನ ದುಡಿದವಳಿಗೆ ಮೊದಲೆರಡು ಮಕ್ಕಳಿಗೆ 26 ವಾರದ ಸಂಬಳಸಹಿತ ರಜೆ ಬಂತು. 50 ಮತ್ತು ಮೇಲ್ಪಟ್ಟು ಜನ ದುಡಿಯುವಲ್ಲಿ ಕೂಸಿನಮನೆ, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗುವ ಅವಕಾಶ ಬಂತು. ಕೂಸಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆರಡು ಬಿಡುವು ಮೊದಲೇ ಇತ್ತು. ಇವೆಲ್ಲ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿವೆ. ಏಜೆನ್ಸಿಯ ಮೂಲಕ ಬಂದವಳೂ ಕೆಲಸಗಾರ್ತಿಯೇ ಎಂದು 1961ರ ಕಾಯ್ದೆಯೇ ಎಣಿಸಿತ್ತು. ಗುತ್ತಿಗೆದಾರ ಇದನ್ನು ತಾನಾಗಿ ಓದಿ ಹೇಳುವುದಿಲ್ಲ. ಒಬ್ಬಳೇ ಕೇಳಿದರೆ ಕೆಲಸ ಹೋಗುತ್ತದೆ. ಸಂಘದ ಪತ್ರದಲ್ಲಿ ಹದಿನೈದು ಸಹಿಗಳಿದ್ದರೆ ಅವನಿಗೂ ಕಷ್ಟ. ಪತ್ರ ನಾನೇ ಬರೆದುಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.

ಅತ್ತೆಯ ಹತ್ತಿರ ನಾವು ಮೂವರು ಹೋಗಿದ್ದೆವು. ಜಗಳಕ್ಕಲ್ಲ. ಒಂದು ಡಬ್ಬಿ ಪುಡಿಗೆ ಎಷ್ಟು, ತಿಂಗಳಿಗೆ ಎಷ್ಟು ಡಬ್ಬಿ ಎಂದು ಕೂಡಿಸಿ ತೋರಿಸಿದೆವು. ಮೈಲಿಗೆಯ ಮಾತು ಅಲ್ಲಿಗೇ ನಿಂತಿತೆಂದಲ್ಲ, ಆದರೆ ಕೆಳಗಿನ ಅಂಕಣ ಖಾಲಿಯಾಯಿತು. ಅತ್ತೆಗೆ ಓದು ಬಾರದು, ಯಾವ ಬಟ್ಟಲು ಹಳೆಯದೆಂದು ತಿಳಿಯಬೇಕಲ್ಲ? ನಿನ್ನೆಯದಕ್ಕೆ ಬಿಳಿ ದಾರ, ಇಂದಿನದಕ್ಕೆ ಕೆಂಪು ದಾರ ಕಟ್ಟುವುದೆಂದು ಅವರೇ ಸೊಸೆಗೆ ಹೇಳಿದರಂತೆ.