ತೆರೆಯಾಚೆ: ಮೂವತ್ತು ಕೋಟಿಯ ಅಟ್ಟ!

'ಮಾರಾಟಕ್ಕಿದೆ! ನವೀಕರಿಸಿದ ಲಾಫ್ಟ್. ಇಡೀ ಮಹಡಿಗೆ ಒಂದೇ ಮನೆ. ಹನ್ನೆರಡು ಅಡಿ ಎತ್ತರದ ಸೂರು, ಎರಕದ ಕಬ್ಬಿಣದ ಕಂಬಗಳು, ಗಾರೆ ಬಳಿಯದ ಇಟ್ಟಿಗೆ ಗೋಡೆ, ಆಳೆತ್ತರದ ಕಿಟಕಿ, ನೇರ ಮನೆಯೊಳಕ್ಕೇ ಬಂದು ಬಾಗಿಲು ತೆರೆಯುವ ಲಿಫ್ಟ್...'

ನ್ಯೂಯಾರ್ಕಿನ ಸೋಹೋ ಎಂಬ ಹಳೇ ಬಡಾವಣೆಯ ಮನೆ ದಲ್ಲಾಳಿಗಳು ಕೊಡೋ ಜಾಹೀರಾತು ಹೆಚ್ಚು ಕಡಿಮೆ ಹೀಗೇ ಇರುತ್ತೆ. ಬೆಲೆ ಎಷ್ಟಂತೀರಾ? ಸ್ವಲ್ಪ ವಿಶಾಲವಾಗಿದ್ದರೆ ಮೂರೂವರೆ ಮಿಲಿಯನ್ ಡಾಲರ್ ಅಂದರೂ ಅಲ್ಲಿ ಯಾರೂ ಹುಬ್ಬೇರಿಸೋದಿಲ್ಲ. ನಮ್ಮ ಲೆಕ್ಕದಲ್ಲಿ ಮೂವತ್ತು ಕೋಟಿ ರೂಪಾಯಿಯ ಸುತ್ತಮುತ್ತ!

ಅಲ್ಲಾ ಸ್ವಾಮಿ, ನಮ್ಮ ಮನೆಗಳಲ್ಲಿ ಲಾಫ್ಟ್ ಅಂದರೆ ಬಾಗಿಲ ಮೇಲಿನ ಅಟ್ಟ. ದಸರಾ ಗೊಂಬೆಯ ಪೆಟ್ಟಿಗೆ, ಹಳೇ ಕೊಪ್ಪರಿಗೆ, ಕೆಟ್ಟ ಫ್ಯಾನು ತುಂಬೋ ಜಾಗ. ಅದಕ್ಕೆ ಮೂವತ್ತು ಕೋಟಿಯೇ ಅಂತ ಹೌಹಾರಬೇಡಿ. ಅಲ್ಲಿ ಲಾಫ್ಟ್ ಅಂದರೆ ಹಳೇ ಕಾರ್ಖಾನೆಯ ಅಥವಾ ಗೋದಾಮಿನ ಒಂದಿಡೀ ಮಹಡಿ. ನಡುವೆ ಗೋಡೆಯಿಲ್ಲ, ಕೋಣೆಯಿಲ್ಲ, ಬರೀ ಬಯಲು.

ಸಿನಿಮಾ ಪತ್ರಿಕೆಯಲ್ಲಿ ಮನೆ ವ್ಯಾಪಾರದ ಮಾತು ಯಾಕೆ ಅಂತ ಕೇಳಿದಿರಾ? ಆ ಮನೆಯೊಳಗೆ ನೀವು ಆಗಲೇ ಹೋಗಿ ಬಂದಿದ್ದೀರಿ. 1990ರ 'ಘೋಸ್ಟ್' ನೆನಪಿಸಿಕೊಳ್ಳಿ. ತಿರುಗುವ ಕುಂಬಾರನ ಚಕ್ರ, ಕೈತುಂಬ ಹಸಿ ಮಣ್ಣು, ಡೆಮಿ ಮೂರ್‌ಳ ಬೆನ್ನಿಗೆ ಆತುಕೊಂಡು ಕೂತ ಪ್ಯಾಟ್ರಿಕ್ ಸ್ವೇಜಿ... ಆ ಚಕ್ರ ತಿರುಗಿದ್ದು ಒಂದು ಲಾಫ್ಟಿನಲ್ಲಿ. ಹೊರಗಿನಿಂದ ಕಾಣೋ ಕಟ್ಟಡ ಸೋಹೋದ ಪ್ರಿನ್ಸ್ ರಸ್ತೆಯದು. ಒಳಗಿನದು ಸ್ಟುಡಿಯೋ ಸೆಟ್, ಅದು ಬೇರೆ ಮಾತು. ಇಂಥ ಒಂದಷ್ಟು ಚಿತ್ರಗಳನ್ನು ಬಿಡುಗಡೆಯಾದ ವರ್ಷದ ಪ್ರಕಾರ ಸಾಲಾಗಿ ನೋಡಿ. ಅಲ್ಲಿಗೆ ಯಾರು ಬಂದರು, ಯಾರು ಗಂಟು ಕಟ್ಟಿದರು ಅನ್ನೋದು ದಲ್ಲಾಳಿಯ ನೆರವಿಲ್ಲದೆ ಗೊತ್ತಾಗಿಬಿಡುತ್ತೆ!

ಮೊದಲು ಕಟ್ಟಡದ ಜಾತಕ. ಹತ್ತೊಂಬತ್ತನೇ ಶತಮಾನದ ಎರಡನೇ ಅರ್ಧದಲ್ಲಿ ಅಲ್ಲಿ ಬಟ್ಟೆ ವ್ಯಾಪಾರ ಜೋರಾಗಿತ್ತು. ಕಲ್ಲು ಕೆತ್ತಿಸಿ ಕಟ್ಟಡದ ಮುಂಭಾಗ ಕಟ್ಟೋದಕ್ಕೆ ದುಡ್ಡೂ ಬೇಕು, ಕಾಲವೂ ಬೇಕು. ಎರಕದ ಕಬ್ಬಿಣವಾದರೆ ಫೌಂಡ್ರಿಯವರ ಕ್ಯಾಟಲಾಗ್ ನೋಡಿ ಕಂಬ, ಕಮಾನು ಆರಿಸಿ, ತುಂಡು ತುಂಡಾಗಿ ತಂದು ಬೋಲ್ಟ್ ಬಿಗಿದು ನಿಲ್ಲಿಸಬಹುದು. ಸ್ಟುಡಿಯೋದಲ್ಲಿ ಅರಮನೆ ಸೆಟ್ ಹಾಕಿದ ಹಾಗೇ! ಮುಂದೆ ಅರಮನೆ, ಹಿಂದೆ ದುಡಿಯೋ ಗೋದಾಮು. ವಿದ್ಯುತ್ ದೀಪ ಇನ್ನೂ ಬಾರದ ಕಾಲ, ಕೆಲಸ ಮಾಡೋ ಕೈಗೆ ಬೆಳಕು ಬೇಕಲ್ಲ? ಅದಕ್ಕೇ ಆ ದೊಡ್ಡ ಕಿಟಕಿ. ಭಾರ ಹೊರೋದಕ್ಕೆ ಆ ಕಂಬ, ಸರಕು ಏರಿಸೋದಕ್ಕೆ ಆ ಲಿಫ್ಟ್. ಜನರನ್ನು ಹೊರುವ ಓಟಿಸ್ ಲಿಫ್ಟ್ 1857ರಲ್ಲಿ ಮೊದಲು ಏರಿದ್ದೂ ಇದೇ ಸೀಮೆಯ ಬ್ರಾಡ್‌ವೇ ಮೂಲೆಯ ಒಂದು ಅಂಗಡಿಯಲ್ಲಿ. ಜಾಹೀರಾತು ಹೇಳದ ಒಂದು ವಿಷಯ ನಾನು ಹೇಳ್ತೀನಿ: ನಿವೇಶನದ ಮಾಮೂಲಿ ಅಳತೆ 25 ಅಡಿ ಅಗಲ, 100 ಅಡಿ ಉದ್ದ. ಅಕ್ಕಪಕ್ಕ ಕಟ್ಟಡಗಳು ಅಂಟಿಕೊಂಡಿರೋದರಿಂದ ಬೆಳಕೆಲ್ಲ ಹಿಂದೆ ಮುಂದೆ. ನಡುಮನೆಯಲ್ಲಿ ಹಗಲೂ ದೀಪ ಹಚ್ಚಬೇಕು!

ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾರ್ಖಾನೆಗಳು ಒಂದೊಂದಾಗಿ ಜಾಗ ಖಾಲಿ ಮಾಡಿದವು. ಬೆಂಕಿ ಅನಾಹುತ ಎಷ್ಟು ಹೆಚ್ಚಿತೆಂದರೆ ಆ ಪ್ರದೇಶಕ್ಕೆ 'ನರಕದ ನೂರು ಎಕರೆ' ಅಂತಲೇ ಹೆಸರು ಬಿತ್ತು. ನಗರದ ರಸ್ತೆಗಳ ಸರ್ವಾಧಿಕಾರಿಯಂತಿದ್ದ ರಾಬರ್ಟ್ ಮೋಸೆಸ್ ಇದರ ಎದೆಯ ಮೇಲೇ ಒಂದು ಹೆದ್ದಾರಿ ಎಳೆಯಬೇಕೆಂದಿದ್ದ. ಜನ ಬಿಡಲಿಲ್ಲ, 1969ರಲ್ಲಿ ಯೋಜನೆ ಸತ್ತಿತು.

ಯಾರಿಗೂ ಬೇಡದ ಆ ಜಾಗಕ್ಕೆ ಬಂದೋರು ಯಾರು? ಕಾಸಿಲ್ಲದ ಚಿತ್ರಕಾರರು, ಶಿಲ್ಪಿಗಳು, ನೃತ್ಯದವರು ಮತ್ತು ನಮ್ಮ ಪಂಗಡದ ಸಿನಿಮಾ ಹುಚ್ಚರು! ವಾಸ ಮಾಡೋದು ಕಾನೂನಿಗೆ ವಿರುದ್ಧ. ಕಾರ್ಖಾನೆ ಮುಚ್ಚೋ ಹೊತ್ತಿಗೆ ಬಾಯ್ಲರ್ ಆರಿಸಿಬಿಡೋರು. ಹಿಮ ಬೀಳೋ ರಾತ್ರಿ ಕೋಟು ಹಾಕಿಕೊಂಡೇ ಮಲಗಬೇಕು. ಇನ್‌ಸ್ಪೆಕ್ಟರ್ ಬಂದರೆ ಹಾಸಿಗೆ ಬಚ್ಚಿಡಬೇಕು. 1961ರಲ್ಲಿ ನಗರದವರು ಒಂದಿಷ್ಟು ರಿಯಾಯಿತಿ ಕೊಟ್ಟರು: ಬಾಗಿಲ ಹೊರಗೆ 'ಎ.ಐ.ಆರ್.' ಅಂತ ಒಂದು ಪುಟ್ಟ ಬೋರ್ಡು, ಜೊತೆಗೆ ಮಹಡಿಯ ನಂಬರು. ಆಕಾಶವಾಣಿ ಅಲ್ಲ ಮಹಾರಾಯರೇ! 'ಇಲ್ಲಿ ಕಲಾವಿದ ವಾಸವಾಗಿದ್ದಾನೆ' ಅಂತ ಅರ್ಥ. ಬೆಂಕಿ ಬಿದ್ದರೆ ಒಳಗೆ ಜೀವ ಇದೆ ಅಂತ ಅಗ್ನಿಶಾಮಕದವರಿಗೆ ಗೊತ್ತಾಗಲಿ ಅಂತ. ವಿಳಾಸ ಅಂದರೆ ಅಷ್ಟೇ... ಸುಟ್ಟುಹೋಗದಿರಲಿ ಅನ್ನೋ ಸೂಚನೆ. ನಾಲ್ಕು ವರ್ಷದಲ್ಲಿ ಮೂರು ಬಾಡಿಗೆ ಕೋಣೆ ಬದಲಿಸಿದ ಈ ಅಂಕಣಕಾರನಿಗೆ ಆ ಬೋರ್ಡಿನ ಮೇಲೆ ಯಾಕೋ ತುಂಬ ಮಮತೆ.

ಈ ಕಥೆಗೊಬ್ಬ ನಾಯಕ ಬೇಕೆಂದರೆ ಜಾರ್ಜ್ ಮಾಚ್ಯೂನಸ್ ಇದ್ದಾನೆ. ಹುಟ್ಟಿದ್ದು ಲಿಥುವೇನಿಯಾ, ತಲೆ ತುಂಬ ತಿಕ್ಕಲು. 1967ರಲ್ಲಿ ವೂಸ್ಟರ್ ರಸ್ತೆಯ 80ನೇ ನಂಬರಿನ ಕಟ್ಟಡ ಹಿಡಿದು, ಕಲಾವಿದರೇ ಪಾಲು ಹಾಕಿ ಒಡೆಯರಾಗುವ ಸಹಕಾರ ಸಂಘ ಕಟ್ಟಿದ. ನೆಲಮಹಡಿಯಲ್ಲಿ ಅವನದೇ ದೇಶದ ಜೋನಸ್ ಮೇಕಸ್ ಸಿನಿಮಾ ತೋರಿಸೋಕೆ ಶುರುಮಾಡಿದ. ಬೇರೆ ಯಾವ ಟಾಕೀಸಿನವರೂ ಮುಟ್ಟದ ಪ್ರಯೋಗದ ಚಿತ್ರಗಳು. 1970ರಲ್ಲಿ ಟ್ರಿಷಾ ಬ್ರೌನ್ ಎಂಬ ನರ್ತಕಿ ಅದೇ ಕಟ್ಟಡದ ಏಳನೇ ಮಹಡಿಯ ನೆತ್ತಿಯಿಂದ ತನ್ನ ಗಂಡನಿಗೆ ಹಗ್ಗ ಕಟ್ಟಿ, ಗೋಡೆಯ ಮೇಲೆ ನಡೆಸಿಕೊಂಡೇ ನೆಲಕ್ಕಿಳಿಸಿದಳು. ನಮ್ಮ ಸ್ಟಂಟ್ ಮಾಸ್ಟರುಗಳು ನೋಡಿದ್ದರೆ ಎದ್ದು ನಿಂತು ಸೆಲ್ಯೂಟ್ ಹೊಡೀತಿದ್ದರು!

ಮಾಚ್ಯೂನಸ್ ಕಾಗದಪತ್ರದ ವಿಷಯದಲ್ಲಿ ಶುದ್ಧ ಅಸಡ್ಡೆ. ಕಾನೂನು ಪ್ರಕಾರ ದಾಖಲೆ ಸಲ್ಲಿಸದೆ ಪಾಲು ಮಾರಿದನೆಂದು ಸರ್ಕಾರದವರು ಬೆನ್ನು ಹತ್ತಿದರು. ಅವನು ಬಾಗಿಲಿಗೆ ಹರಿತವಾದ ಬ್ಲೇಡು ಜೋಡಿಸಿ ಒಳಗೆ ಕೂತ! 1975ರಲ್ಲಿ ಬಾಕಿ ಹಣದ ತಗಾದೆಯಲ್ಲಿ ಗೂಂಡಾಗಳು ಹೊಡೆದ ಏಟಿಗೆ ಅವನ ಒಂದು ಕಣ್ಣೇ ಹೋಯಿತು. 1978ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ, ವಯಸ್ಸು ನಲವತ್ತಾರು. ಸಾಯೋ ಕೆಲವೇ ತಿಂಗಳ ಮುಂಚೆ ಮದುವೆಯಾದ; ವಧುವೂ ವರನೂ ಇಬ್ಬರೂ ಮದುಮಗಳ ಗೌನೇ ತೊಟ್ಟಿದ್ದರು. ಮೇಕಸ್ ಗೆಳೆಯನ ಬಾಳಿನ ಇಂಥ ತುಣುಕುಗಳನ್ನೆಲ್ಲ ಕೂಡಿಸಿ 1992ರಲ್ಲಿ ಒಂದು ಚಿತ್ರ ಮಾಡಿದ.

ಈಗ ನಮ್ಮ ಸಾಲಿಗೆ ಬನ್ನಿ. 1967ರಲ್ಲಿ ಮೈಕೆಲ್ ಸ್ನೋ ತೆಗೆದ 'ವೇವ್‌ಲೆಂಗ್ತ್': ಸೋಹೋದ ದಕ್ಷಿಣದ ಗಡಿ ಕೆನಾಲ್ ರಸ್ತೆಯ ಒಂದು ಲಾಫ್ಟು. ಸುಮಾರು 45 ನಿಮಿಷ ಕ್ಯಾಮೆರಾದ ಝೂಮ್ ಒಂದೇ ದಿಕ್ಕಿಗೆ ಇಂಚಿಂಚೇ ಹೋಗಿ ಗೋಡೆಗೆ ಅಂಟಿಸಿದ ಅಲೆಗಳ ಫೋಟೋದಲ್ಲಿ ಮುಳುಗುತ್ತೆ. ಬರಿಗೋಡೆ, ನಾಲ್ಕು ಕಿಟಕಿ, ಒಂದು ಕುರ್ಚಿ. ಬೇಸರ ಬರುತ್ತಾ? ಬರುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಬಡವನ ಲಾಫ್ಟ್ ಹೇಗಿತ್ತು ಅಂತ ಅದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ.

1978ರ 'ಆನ್ ಅನ್‌ಮ್ಯಾರೀಡ್ ವುಮನ್' ಹೊತ್ತಿಗೆ ಸೋಹೋದಲ್ಲಿ ಗ್ಯಾಲರಿಗಳು ಬಂದಿವೆ. ನಾಯಕಿ ಜಿಲ್ ಕ್ಲೇಬರ್ಗ್‌ಗೆ ಅಲ್ಲೇ ಕೆಲಸ, ಪ್ರೇಮಿ ಚಿತ್ರಕಾರ. ಕೊನೆಗೆ ಅವನು ಕೊಟ್ಟ ಆನೆಗಾತ್ರದ ಚಿತ್ರವನ್ನು ಹೊತ್ತು ಗಾಳಿಯಲ್ಲಿ ತತ್ತರಿಸುತ್ತ ಬೀದಿಯಲ್ಲಿ ನಡೀತಾಳೆ. ಚಿತ್ರಕಾರ ಮಾತ್ರ ಊರು ಬಿಟ್ಟು ಹೊರಟಾಗಿದೆ!

1985ರಲ್ಲಿ ಸ್ಕಾರ್ಸೇಸಿಯ 'ಆಫ್ಟರ್ ಅವರ್ಸ್', ಈ ಸಾಲಿನಲ್ಲಿ ನನಗೆ ಅಚ್ಚುಮೆಚ್ಚು. ಆಫೀಸಿನ ಗುಮಾಸ್ತನಂಥ ಒಬ್ಬ ಹುಡುಗ ಹುಡುಗಿಯ ಆಸೆಗೆ ನಡುರಾತ್ರಿ ಸೋಹೋಗೆ ಬರ್ತಾನೆ. ಇದ್ದ ಒಂದೇ 20 ಡಾಲರ್ ನೋಟು ಟ್ಯಾಕ್ಸಿ ಕಿಟಕಿಯಿಂದ ಹಾರಿಹೋಗುತ್ತೆ. ಕೆಳಗಿಂದ ಕೂಗಿದರೆ ಮೇಲಿನ ಕಿಟಕಿಯಿಂದ ಬೀಗದ ಕೈ ಗೊಂಚಲು ಧಡಾರನೆ ಬೀಳುತ್ತೆ. ತಮಾಷೆಗೆ ತೆಗೆದದ್ದಲ್ಲ ಅದು. ಬಾಗಿಲ ಗಂಟೆಯಿಲ್ಲದ ಲಾಫ್ಟುಗಳಲ್ಲಿ ನಿಜಕ್ಕೂ ಹಾಗೇ ಎಸೀತಿದ್ದರು. ಗಮನಿಸಿ, ಹೊರಗಿನ ಸಂಬಳದಾರ ಆಗಲೇ ಬಾಗಿಲು ತಟ್ಟುತ್ತಿದ್ದಾನೆ. 1988ರ 'ಬಿಗ್'ನಲ್ಲಂತೂ ಆಟಿಕೆ ಕಂಪನಿಯ ಅಧಿಕಾರಿ ಟಾಮ್ ಹ್ಯಾಂಕ್ಸ್ ಲಾಫ್ಟಿನಲ್ಲಿ ಟ್ರ್ಯಾಂಪೊಲಿನ್ ಹಾಕಿಕೊಂಡು ಕುಣೀತಾನೆ.

ಕೊನೆಗೆ 'ಘೋಸ್ಟ್'. ಮೊದಲಲ್ಲೇ ಧೂಳು ತುಂಬಿದ ಹಳೇ ಜಾಗ, ಸುತ್ತಿಗೆ ಏಟಿಗೆ ಉದುರೋ ಸೂರು, ಕಿಟಕಿಯಿಂದ ಒಳಗೆ ಇಳಿಯೋ ದೇವತೆಯ ಪ್ರತಿಮೆ. ಹುಡುಗಿ ಮಡಕೆ ಮಾಡೋ ಕಲಾವಿದೆ. ಹುಡುಗ? ಬ್ಯಾಂಕಿನವನು! ಚಕ್ರ ಅವಳದು, ಸಂಬಳ ಅವನದು. ಆಗ ಅಲ್ಲಿ ಚಕ್ರ ತಿರುಗಿಸಬೇಕೆಂದರೆ ಬೆನ್ನ ಹಿಂದೆ ಒಬ್ಬ ಬ್ಯಾಂಕಿನವನು ಕೂತಿರಲೇಬೇಕಿತ್ತು. ಆ ದೃಶ್ಯವನ್ನು ಇನ್ನೊಮ್ಮೆ ಆ ಕಣ್ಣಿನಿಂದ ನೋಡಿ, ಪ್ರಣಯ ಸ್ವಲ್ಪ ಕಮ್ಮಿಯಾದರೆ ನನ್ನನ್ನು ಬೈಯಬೇಡಿ.

ಕಾನೂನೂ ಒಂದು ನಾಟಕವಾಡಿತು. 1971ರಲ್ಲಿ ಸೋಹೋದಲ್ಲಿ ಕಲಾವಿದರು ವಾಸ ಮಾಡಬಹುದು ಅಂದರು, ಆದರೆ ನಗರದ ಸಂಸ್ಕೃತಿ ಇಲಾಖೆಯ ಸರ್ಟಿಫಿಕೇಟ್ ಇರಬೇಕು. 1973ರಲ್ಲಿ ಆ ಕಟ್ಟಡಗಳನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ಹೆದ್ದಾರಿಯ ಭಯ ಹೋಯಿತು, ಕಟ್ಟಡ ಉಳಿಯಿತು, ಸೊಗಸೂ ಬಂತು. ಹಣವಂತರಿಗೆ ಇನ್ನೇನು ಬೇಕು? ಸರ್ಟಿಫಿಕೇಟ್ ಇಲ್ಲದವರೂ ಕೊಂಡರು. 'ಇದು ಕಲಾವಿದರಿಗೆ ಮೀಸಲಾದ ಮನೆ ಅಂತ ನನಗೆ ಗೊತ್ತಿದೆ, ಆಮೇಲೆ ತಕರಾರು ತೆಗೆಯೋದಿಲ್ಲ' ಅಂತ ಒಂದು ಕಾಗದಕ್ಕೆ ಸಹಿ ಹಾಕಿದರೆ ಮುಗೀತು. ಆ ಕಾಗದಕ್ಕೆ 'ಸೋಹೋ ಲೆಟರ್' ಅಂತಲೇ ಹೆಸರು! 2021ರ ಡಿಸೆಂಬರಿನಲ್ಲಿ ನಿಯಮ ಬದಲಾಯಿತು: ಕಲಾನಿಧಿಗೆ ದುಡ್ಡು ಕಟ್ಟಿ ಮಾಮೂಲಿ ಮನೆಯಾಗಿ ಬದಲಿಸಿಕೊಳ್ಳಿ ಅಂದರು. ದರ ಚದರಡಿಗೆ 100 ಡಾಲರ್. ಅದಕ್ಕೂ ಕೋರ್ಟು ಮೆಟ್ಟಿಲು ಹತ್ತಿದ್ದಾಯಿತು.

ಎಲ್ಲ ಕಲಾವಿದರೂ ಬೀದಿಪಾಲಾದರು ಅಂತ ಕಣ್ಣೀರು ಸುರಿಸೋದೂ ಬೇಡ. ಮೊದಲೇ ಪಾಲು ಕೊಂಡವರಲ್ಲಿ ಹಲವರು ಕುಳಿತಲ್ಲೇ ಕೋಟ್ಯಧಿಪತಿಗಳಾದರು. ಡೊನಾಲ್ಡ್ ಜಡ್ ಎಂಬ ಶಿಲ್ಪಿ 1968ರಲ್ಲಿ ಸ್ಪ್ರಿಂಗ್ ರಸ್ತೆಯ ಐದು ಮಹಡಿಯ ಇಡೀ ಕಟ್ಟಡವನ್ನೇ 68,000 ಡಾಲರಿಗೆ ಕೊಂಡಿದ್ದ. ಈಗ ಅದು ಮ್ಯೂಸಿಯಂ. ಬಾಡಿಗೆಗಿದ್ದೋರ ಕಥೆ ಬೇರೆ. 1982ರಲ್ಲಿ ಲಾಫ್ಟ್ ಕಾಯಿದೆ ಬಂದು ಕೆಲವರಿಗೆ ರಕ್ಷಣೆ ಸಿಕ್ಕಿತು. ಉಳಿದವರು ನದಿ ದಾಟಿ ಬ್ರೂಕ್ಲಿನ್ ಕಡೆ ಹೋದರು.

ಮೇಕಸನ ಟಾಕೀಸು? ಅವನ 'ಆಂಥಾಲಜಿ ಫಿಲ್ಮ್ ಆರ್ಕೈವ್ಸ್' ಕೂಡ ವೂಸ್ಟರ್ ರಸ್ತೆಯ ಅದೇ 80ನೇ ನಂಬರಿನಿಂದ ಹೊರಬಿತ್ತು. 1979ರಲ್ಲಿ ಸೆಕೆಂಡ್ ಅವೆನ್ಯೂದ ಪಾಳುಬಿದ್ದ ಹಳೇ ಕೋರ್ಟು ಕಟ್ಟಡವನ್ನು 50,000 ಡಾಲರಿಗೆ ಹಿಡಿದರು. ರಿಪೇರಿಗೆ ಅದರ ಹತ್ತಾರು ಪಟ್ಟು ಹಣ ಸುರಿದು, 1988ರಲ್ಲಿ ಬಾಗಿಲು ತೆರೆದರು. ಮೇಕಸ್ 2019ರಲ್ಲಿ ತೀರಿಕೊಂಡ, ತೊಂಬತ್ತಾರು ವರ್ಷ ಬಾಳಿ. ನ್ಯಾಯಾಧೀಶರು ಕೂತಿದ್ದ ಆ ಕಟ್ಟಡದಲ್ಲಿ ಇವತ್ತಿಗೂ ಟಿಕೆಟ್ ಹರಿದು ಸಿನಿಮಾ ತೋರಿಸ್ತಾರೆ.