ಹ್ಯಾಸ್ಕೆಲ್ ಭಾಷೆಯನ್ನು ಏಕೆ ಕಲಿಯಬೇಕು?

ಬೀಜಗಣಿತ ಬಲ್ಲ ಪ್ರೌಢಶಾಲೆಯ ವಿದ್ಯಾರ್ಥಿಗೆ ‘ಕ = ಕ + ೧’ ಎಂದು ಬರೆದು ತೋರಿಸಿದರೆ, ಇದು ಅಸಾಧ್ಯವೆಂದು ಕೂಡಲೇ ಉತ್ತರ ಬರುವುದು. ಯಾವ ಸಂಖ್ಯೆಯೂ ತನಗಿಂತ ತಾನೇ ಒಂದು ಹೆಚ್ಚಾಗಿರಲಾರದಷ್ಟೆ. ಆದರೆ ಅದೇ ವಿದ್ಯಾರ್ಥಿ ಕಾಲೇಜಿಗೆ ಬಂದು ಸಿ ಅಥವಾ ಪೈಥಾನ್ ಭಾಷೆಯಲ್ಲಿ ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯತೊಡಗಿದೊಡನೆ ಇಂತಹ ಸಾಲನ್ನು ನಿಸ್ಸಂಕೋಚವಾಗಿ ಬರೆಯಬೇಕಾಗುತ್ತದೆ. ಅಲ್ಲಿ ಅದು, ‘ಕ’ ಎಂಬ ಹೆಸರಿನ ಬೆಲೆಗೆ ಒಂದನ್ನು ಕೂಡಿಸಿ, ಬಂದುದಕ್ಕೆ ಅದೇ ಹೆಸರನ್ನು ಕೊಡು ಎಂಬ ಆಜ್ಞೆ.

ಆಜ್ಞೆಗೆ ಬದಲಾಗಿ ಫಲನವನ್ನು, ಎಂದರೆ ಫಂಕ್ಷನ್ನನ್ನು, ಆಧಾರವಾಗಿ ಇಟ್ಟುಕೊಂಡ ಭಾಷೆಗಳೂ ಉಂಟು. ೧೯೩೦ರ ದಶಕದಲ್ಲಿ ಅಮೆರಿಕದ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ರೂಪಿಸಿದ ಲ್ಯಾಮ್ಡಾ ಕಲನವು ಇವುಗಳ ಬೇರು. ೧೯೫೮ರಲ್ಲಿ ಜಾನ್ ಮೆಕಾರ್ಥಿ ಆರಂಭಿಸಿದ ಲಿಸ್ಪ್ ಈ ಕುಲದ ಹಿರಿಯದು. ೧೯೯೦ರಲ್ಲಿ ಹೊರಬಂದ ಹ್ಯಾಸ್ಕೆಲ್ ಇವುಗಳಲ್ಲಿ ಬಹು ಕಟ್ಟುನಿಟ್ಟಿನದು. ಅದರಲ್ಲಿ ಒಮ್ಮೆ ಹೆಸರಿಟ್ಟ ಬೆಲೆ ಬದಲಾಗದು. ಒಂದು ಫಲನಕ್ಕೆ ಅದೇ ಬೆಲೆಯನ್ನು ಎಷ್ಟು ಸಲ ಕೊಟ್ಟರೂ ಅದೇ ಉತ್ತರ ದೊರೆಯುವುದು.

ಗಂಗಾವತಿಯ ಅಕ್ಕಿ ಗಿರಣಿಗಳನ್ನು ನೋಡಿದವರಿಗೆ ಈ ಭಾಷೆಯ ಕ್ರಮ ಅಪರಿಚಿತವೆನಿಸದು. ಕಲ್ಲು ಕಸ ತೆಗೆಯುವ ಯಂತ್ರ, ಹೊಟ್ಟು ಬಿಡಿಸುವ ಯಂತ್ರ, ಪಾಲಿಶ್ ಮಾಡುವ ಯಂತ್ರ, ಹೀಗೆ ಒಂದರಿಂದ ಹೊರಬಂದುದು ಇನ್ನೊಂದನ್ನು ಸೇರುವುದು. ಹ್ಯಾಸ್ಕೆಲ್‌ನಲ್ಲಿಯೂ ಚಿಕ್ಕ ಫಲನಗಳನ್ನು ಜೋಡಿಸಿ ದೊಡ್ಡದನ್ನು ಕಟ್ಟುವರು. ಒಂದರಿಂದ ನೂರರವರೆಗಿನ ಬೆಸಸಂಖ್ಯೆಗಳ ವರ್ಗಗಳ ಮೊತ್ತ ಬೇಕೆಂದಿಟ್ಟುಕೊಳ್ಳಿರಿ. ಬೆಸಸಂಖ್ಯೆಗಳನ್ನು ಸೋಸುವುದು, ಪ್ರತಿಯೊಂದರ ವರ್ಗ ಮಾಡುವುದು, ಎಲ್ಲವನ್ನೂ ಕೂಡಿಸುವುದು: ಮೂರು ಫಲನಗಳು ಒಂದೇ ಸಾಲಿನಲ್ಲಿ ನಿಂತು ೧,೬೬,೬೫೦ ಎಂಬ ಉತ್ತರವನ್ನು ಕೊಡುವುವು. ಭೇದವೊಂದುಂಟು. ಗಿರಣಿಗೆ ಹಾಕಿದ ಭತ್ತ ಮರಳಿ ದೊರೆಯದು. ಇಲ್ಲಿ ಮೂಲದ ಪಟ್ಟಿ ಹಾಗೆಯೇ ಉಳಿಯುವುದು. ಆದುದರಿಂದ ತಪ್ಪು ಎಲ್ಲಿ ಹೊಕ್ಕಿತೆಂಬುದನ್ನು ಒಂದೊಂದೇ ಫಲನವನ್ನು ಬೇರೆಯಾಗಿ ಪರೀಕ್ಷಿಸಿ ತಿಳಿಯಬಹುದು.

ಇದರಿಂದ ಅನ್ನ ಹುಟ್ಟುವುದೇ ಎಂದು ಕುಷ್ಟಗಿ, ಯಲಬುರ್ಗಾಗಳ ತಂದೆತಾಯಿಗಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಮಳೆಯನ್ನು ನಂಬಿದ ಬೇಸಾಯದಿಂದ ಮಕ್ಕಳನ್ನು ಓದಿಸುವವರು ಹೀಗೆ ಕೇಳಲೇಬೇಕು. ಹ್ಯಾಸ್ಕೆಲ್ ಬೇಡುವ ಉದ್ಯೋಗಗಳು ಜಾವಾ, ಪೈಥಾನ್ ಬೇಡುವವುಗಳಿಗಿಂತ ಬಹಳ ಕಡಮೆ, ಇದನ್ನು ಮುಚ್ಚಿಡಬಾರದು. ಅವನ್ನು ಬಿಡಿರೆಂದು ನಾನು ಹೇಳುವುದೂ ಇಲ್ಲ. ಆದರೆ ಬೆಂಗಳೂರಿನಲ್ಲಿ ೨೦೨೨ರಲ್ಲಿ ಆರಂಭವಾದ ‘ನಮ್ಮ ಯಾತ್ರಿ’ ಎಂಬ ಆಟೋ ಆ್ಯಪ್‌ನ ಸರ್ವರ್ ಕಡೆಯ ಪ್ರೋಗ್ರಾಮು ಹ್ಯಾಸ್ಕೆಲ್‌ನಲ್ಲಿಯೇ ಬರೆದುದು. ಅದರ ಮೂಲಬರಹವನ್ನು ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದ್ದಾರೆ. ಕೊಪ್ಪಳದಲ್ಲಿ ಕುಳಿತ ವಿದ್ಯಾರ್ಥಿಗೂ ಆ ಬಾಗಿಲು ತೆರೆದೇ ಇದೆ.

ಇದಕ್ಕಿಂತ ಹಿರಿದಾದ ಲಾಭ ಇನ್ನೊಂದು. ಕನ್ನಡದ ಜೊತೆಗೆ ತೆಲುಗನ್ನೋ ಉರ್ದುವನ್ನೋ ಬಲ್ಲವರಿಗೆ ಕನ್ನಡದ ಕಟ್ಟು ಸ್ಪಷ್ಟವಾಗಿ ಕಾಣುವಂತೆ, ಹ್ಯಾಸ್ಕೆಲ್ ಕಲಿತವರಿಗೆ ಪೈಥಾನಿನ ಗುಣದೋಷಗಳು ಕಾಣತೊಡಗುವುವು. ಪ್ರೋಗ್ರಾಮುಗಳನ್ನು ಈಗ ಯಂತ್ರಗಳೇ ಬರೆದುಕೊಡುತ್ತಿವೆ. ಬರೆದುದು ಸರಿಯೇ ಎಂದು ತೀರ್ಮಾನಿಸುವ ಹೊಣೆ ಮನುಷ್ಯನದು. ಒಂದೇ ರೀತಿಯ ಯೋಚನೆಯನ್ನು ಬಲ್ಲವರು ಆ ಹೊಣೆಯನ್ನು ಹೊರುವುದು ಕಷ್ಟ.

ಹ್ಯಾಸ್ಕೆಲ್‌ನ ಸಲಕರಣೆಗಳು ಉಚಿತವಾಗಿ ದೊರೆಯುವುವು. ಮುಂದಿನ ರಜೆಯಲ್ಲಿ ದಿನಕ್ಕೊಂದು ಗಂಟೆ ಇದಕ್ಕಾಗಿ ಮೀಸಲಿಡಿರಿ. ಮೊದಲು ‘ಕ = ಕ + ೧’ ಎಂದೇ ಬರೆದು, ‘ಕ’ದ ಬೆಲೆಯೆಷ್ಟೆಂದು ಅದನ್ನು ಕೇಳಿರಿ. ಉತ್ತರ ಬಾರದು. ಏಕೆ ಬಾರದೆಂಬುದನ್ನು ನೀವೇ ಯೋಚಿಸಿ ಕಂಡುಕೊಂಡರೆ ಮೊದಲ ಪಾಠ ಮುಗಿದಂತೆ.