ರವೆಯೂ ಗೆರೆಯೂ

ಕಳೆದ ಬೇಸಗೆಯಲ್ಲಿ ಲೇಕ್ ಮಾರ್ಕೆಟ್ ಕಡೆಯ ನಮ್ಮ ತರುಣ ಗುಮಾಸ್ತರೊಬ್ಬರು ಒಂದು ಛಾಯಾಚಿತ್ರವನ್ನು ಕಾಗದದಲ್ಲಿ ಸುತ್ತಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಬಹುಕಾಲ ಒಂದೇ ಹೋಟೆಲಿನ ಒಲೆಯ ಮುಂದೆ ನಿಂತು ದುಡಿದು, ಕಡೆಗೆ ಊರಿಗೆ ಹೊರಟ ಅಡಿಗೆ ಭಟ್ಟರ ಚಿತ್ರವದು. ಮೊಬೈಲಿನಲ್ಲಿ ತೆಗೆದದ್ದು ನಾಲ್ಕು ದಿನದಲ್ಲಿ ಎಲ್ಲಿಯೋ ಕಳೆದುಹೋಗುವುದೆಂದು ಬಗೆದು, ತಂದೆಯ ಕಾಲದ ಕ್ಯಾಮರಾದಲ್ಲಿ ಕಪ್ಪು ಬಿಳುಪಿನ ಫಿಲ್ಮು ಹಾಕಿ ತೆಗೆದು, ತಮ್ಮ ಬಾಡಿಗೆ ಕೋಣೆಯಲ್ಲಿಯೇ ತೊಳೆದು, ಸ್ನೇಹಿತರ ಎನ್‌ಲಾರ್ಜರಿನಲ್ಲಿ ಹನ್ನೆರಡು ಅಂಗುಲಕ್ಕೆ ಹಿಗ್ಗಿಸಿದ್ದರು. ಭಟ್ಟರ ಹಣೆಯ ಮೇಲೆ ಬೊಂಬಾಯಿ ರವೆಯನ್ನು ಚೆಲ್ಲಿದಂತಿತ್ತು. 'ಫಿಲ್ಮೇ ಕೆಟ್ಟದ್ದು, ಸ್ವಾಮಿ' ಎಂಬುದು ಅವರ ದೂರು. ಭಟ್ಟರು ಆಗಲೇ ಕುಂದಾಪುರವನ್ನು ಸೇರಿಯಾಗಿತ್ತು. ಮತ್ತೊಮ್ಮೆ ಕೂರಿಸಿ ತೆಗೆಯುವಂತಿರಲಿಲ್ಲ. ಅದೇ ದಿನ ತೆಗೆದ ಎರಡನೆಯ ರೋಲೊಂದು ಮಾತ್ರ ತೊಳೆಯದೆ ಉಳಿದಿತ್ತು. ಅದಕ್ಕಾಗಿ ಅತಿಸೂಕ್ಷ್ಮ ಕಣಗಳನ್ನು ಕೊಡುವುದೆಂದು ಹೆಸರಾದ, ದುಬಾರಿ ಡೆವಲಪರೊಂದನ್ನು ತರಿಸುವ ವಿಚಾರದಲ್ಲಿ ಅವರಿದ್ದರು. ಬೇಡವೆಂದೆವು. ಏಕೆ ಬೇಡವೆಂಬುದನ್ನು ಇಲ್ಲಿ ಸ್ವಲ್ಪ ವಿಸ್ತರಿಸುವುದಕ್ಕೆ ವಾಚಕರು ಅವಕಾಶ ಕೊಡಬೇಕು. ಮನೆಯಲ್ಲಿ ಫಿಲ್ಮು ತೊಳೆಯುವ ಹವ್ಯಾಸವು ನಮ್ಮ ತರುಣರಲ್ಲಿ ಮತ್ತೆ ಚಿಗುರುತ್ತಿರುವುದನ್ನು ನಾವು ಕಂಡಿದ್ದೇವೆ.

ಈ ನಗರದಲ್ಲಿ ಅಂಥ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ನಿಶ್ಚಿಂತೆಯಿಂದಿರುವ ಕಾಲವು ಹೋಯಿತು. ಸುರೇಂದ್ರನಾಥ ಬ್ಯಾನರ್ಜಿ ರಸ್ತೆಯ ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೋ ಒಂದೂವರೆ ಶತಮಾನ ಬಾಳಿ 2016ರಲ್ಲಿ ಬಾಗಿಲು ಹಾಕಿತು. ಅದರ ಹಳೆಯ ಸಂಗ್ರಹದ ಬಹುಭಾಗವು 1991ರ ಬೆಂಕಿಯಲ್ಲಿಯೇ ನಾಶವಾಗಿತ್ತು. ಉದಕಮಂಡಲದ ಕಾರ್ಖಾನೆಯಿಂದ ಬರುತ್ತಿದ್ದ 'ಇಂದು' ಫಿಲ್ಮೂ ಈಗ ಇಲ್ಲ. ವಿದೇಶದಿಂದ ಬರುವ ರೋಲಿನ ಬೆಲೆಯಾದರೋ ನಮ್ಮಂಥವರ ಸಂಬಳಕ್ಕೆ ಹಗುರವಾದುದಲ್ಲ. ಹೀಗಿರುವಾಗ ಮೂವತ್ತಾರು ಚಿತ್ರಗಳ ಒಂದು ರೋಲನ್ನು ಕೈಯಾರೆ ಕೆಡಿಸಿಕೊಳ್ಳುವುದು ಸಣ್ಣ ನಷ್ಟವೇನೂ ಅಲ್ಲ.

ಮೊದಲಿಗೆ ತಿಳಿಯಬೇಕಾದುದು, ಕಣವೇ ಬೇರೆ, ಸ್ಫುಟತೆಯೇ ಬೇರೆ ಎಂಬುದು. ಬೆಳಕು ಬಿದ್ದ ಬೆಳ್ಳಿಯ ಲವಣವನ್ನು ಡೆವಲಪರು ಬೆಳ್ಳಿಯಾಗಿ ಮಾರ್ಪಡಿಸುತ್ತದೆ. ಆ ಬೆಳ್ಳಿಯ ಎಳೆಗಳು ಜಿಲೆಟಿನ್ ಪದರದಲ್ಲಿ ಒಂದರ ಮೇಲೊಂದು ಗುಂಪುಗೂಡಿದಾಗ ಕಾಣುವುದೇ ಕಣ. ಸ್ಫುಟತೆಯೆಂದರೆ ಕಪ್ಪು ಎಲ್ಲಿ ಮುಗಿದು ಬಿಳುಪು ಎಲ್ಲಿ ಆರಂಭವಾಯಿತೆಂಬುದನ್ನು ಕಣ್ಣಿಗೆ ತೋರಿಸುವ ಗೆರೆಯ ಚುರುಕು. ಒಂದನ್ನು ಅಡಗಿಸಹೊರಟರೆ ಮತ್ತೊಂದು ತಾನೂ ತುಸು ಅಡಗುತ್ತದೆ. ಕೊಡಕ್ ಕಂಪನಿಯು 1927ರಲ್ಲಿ ಹೊರತಂದ ಡಿ-76 ಎಂಬ ಡೆವಲಪರನ್ನೇ ನೋಡಿ. ಅದರ ಒಂದು ಲೀಟರಿನಲ್ಲಿ 2 ಗ್ರಾಂ ಮೆಟಾಲ್, 5 ಗ್ರಾಂ ಹೈಡ್ರೋಕ್ವಿನೋನ್, 2 ಗ್ರಾಂ ಬೊರಾಕ್ಸ್ ಇದ್ದರೆ ಸೋಡಿಯಂ ಸಲ್ಫೈಟ್ 100 ಗ್ರಾಂ. ಈ ಸಲ್ಫೈಟು ಲವಣದ ಹರಳುಗಳ ಅಂಚನ್ನು ಮೆಲ್ಲಗೆ ಕರಗಿಸಿ ಕಣವನ್ನು ನಯಗೊಳಿಸುತ್ತದೆ. ಜೊತೆಗೆ ಗೆರೆಯ ಚುರುಕನ್ನೂ ಸವೆಯಿಸುತ್ತದೆ. ಅದೇ ದ್ರವಕ್ಕೆ ಸಮಪ್ರಮಾಣದ ನೀರು ಬೆರೆಸಿದರೆ ಸಲ್ಫೈಟು ಅರ್ಧಕ್ಕಿಳಿಯುತ್ತದೆ. ಕಣವು ಕೊಂಚ ಎದ್ದು ಕಂಡರೂ ಗೆರೆ ತಿದ್ದಿದಂತಾಗುತ್ತದೆ. ಜರ್ಮನಿಯಲ್ಲಿ 1891ರಿಂದ ಬಳಕೆಗೆ ಬಂದ ರೋಡಿನಾಲ್ ಈ ದಾರಿಯಲ್ಲಿ ಇನ್ನೂ ಮುಂದೆ ಹೋಗುವಂಥದು. ಒಂದು ಪಾಲಿಗೆ ಐವತ್ತು ಪಾಲು ನೀರು ಹಾಕಿದರೂ ಕೆಲಸ ಮಾಡುತ್ತದೆ, ಆದರೆ ಕಣವನ್ನು ಮುಚ್ಚಿಡುವುದಿಲ್ಲ.

ಎರಡರಲ್ಲಿ ಯಾವುದನ್ನು ಆರಿಸಬೇಕು? ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ: ಮನುಷ್ಯರ ಮುಖದ ವಿಷಯದಲ್ಲಿ ಕಣವನ್ನು ಸಹಿಸಿಕೊಂಡು ಗೆರೆಯನ್ನು ಉಳಿಸಿಕೊಳ್ಳಬೇಕು. ಮುಖವನ್ನು ಬೆಣ್ಣೆಯಂತೆ ನುಣುಪುಗೊಳಿಸುವ ಚಪಲವು ಸ್ಟುಡಿಯೋಗಳ ರಿಟಚಿಂಗ್ ಪೆನ್ಸಿಲ್ಲಿನಿಂದ ಬಂದುದು. ಇಂದು ಅದು ಮೊಬೈಲಿನೊಳಗೂ ಹೊಕ್ಕಿದೆ. ವರ್ಷಾನುಗಟ್ಟಲೆ ಒಲೆಯ ಬಿಸಿ ತಿಂದ ಮುಖದಲ್ಲಿ ನೆರಿಗೆಗಳಿರಬೇಕಾದುದು ನ್ಯಾಯ. ಊರಿನಲ್ಲಿ ಆ ಚಿತ್ರವನ್ನು ನೋಡುವ ಮೊಮ್ಮಗನಿಗೆ ಅವೇ ಬೇಕಾದವು.

ಹಾಗೆಂದು ಗುಮಾಸ್ತರ ಮೊದಲನೆಯ ರೋಲನ್ನು ನಾವು ಸಮರ್ಥಿಸಲಿಲ್ಲ. ನೆಗೆಟಿವನ್ನು ದೀಪಕ್ಕೆ ಹಿಡಿದು ನೋಡಿದೆವು; ಇದ್ದಲಿನಂತೆ ಕಪ್ಪಾಗಿತ್ತು. ಬೆಳಕು ಹೆಚ್ಚಾಗಿ ಬಿದ್ದಿತ್ತು, ತೊಳೆದದ್ದೂ ಹೆಚ್ಚಾಗಿತ್ತು. ಇವೆರಡೂ ಕೂಡಿದರೆ ಎಂಥ ಒಳ್ಳೆಯ ಫಿಲ್ಮಿನಲ್ಲಾದರೂ ಕಣವು ಉಬ್ಬುತ್ತದೆ. ಡಬ್ಬಿಯ ಮೇಲಿನ ಕಾಲಾವಧಿಯು 20 ಡಿಗ್ರಿ ಸೆಲ್ಸಿಯಸ್‌ಗೆ ಬರೆದುದು. ಕೋಲ್ಕತ್ತಾದ ಮೇ ತಿಂಗಳಲ್ಲಿ ಮಾಳಿಗೆಯ ತೊಟ್ಟಿಯಿಂದ ಇಳಿಯುವ ನೀರು 30 ಡಿಗ್ರಿ ದಾಟುವುದು ಸಾಮಾನ್ಯ. ಥರ್ಮಾಮೀಟರು ಇತ್ತೇ ಎಂದು ಕೇಳಿದೆವು. ಅವರು ನೆಲ ನೋಡಿದರು.

ಸಾವಿರಾರು ರೂಪಾಯಿಯ ಲೆನ್ಸಿಗಿಂತ ಈ ಒಂದು ಗಾಜಿನ ಕಡ್ಡಿಯಿಂದ ನಮ್ಮ ಊರಿನ ಸೆಕೆಯಲ್ಲಿ ಆಗುವ ಉಪಕಾರ ದೊಡ್ಡದು. 20 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಡುವ ಫಿಲ್ಮಿಗೆ 24 ಡಿಗ್ರಿಯಲ್ಲಿ ಸುಮಾರು ಏಳು ನಿಮಿಷ ಸಾಕು. ಇನ್ನೂ ಬಿಸಿಯಾದರೆ ಕಾಲವು ಐದು ನಿಮಿಷಕ್ಕಿಂತಲೂ ಕೆಳಗಿಳಿದು ಫಿಲ್ಮಿನ ಉದ್ದಕ್ಕೂ ಒಂದೇ ಹದ ಸಿಕ್ಕುವುದು ಕಷ್ಟವಾಗುತ್ತದೆ. ಆದಕಾರಣ ನೀರು ಬೆರೆಸಿದ ಡಿ-76 ಸೆಕೆಯ ನಾಡಿಗೆ ಇಮ್ಮಡಿ ಹಿತ: ಗೆರೆಯೂ ಚುರುಕು, ಕಾಲವೂ ದೀರ್ಘ. ಹೋಟೆಲಿನಲ್ಲಿರುವವರಿಗೆ ಮಂಜುಗಡ್ಡೆಗೇನೂ ಬರವಿಲ್ಲ. ಅದನ್ನು ಡೆವಲಪರಿನೊಳಕ್ಕೆ ಹಾಕದೆ, ಟ್ಯಾಂಕು ಮತ್ತು ಬಾಟಲಿಗಳನ್ನು ನಿಲ್ಲಿಸಿದ ಬೋಗುಣಿಯ ನೀರಿಗೆ ಹಾಕಿ 24ಕ್ಕೆ ಇಳಿಸಿಕೊಂಡರೆ ಸಾಕು. ಡೆವಲಪರು, ಹೈಪೋ, ಕಡೆಯ ತೊಳೆಯುವ ನೀರು ಎಲ್ಲವೂ ಒಂದೇ ಉಷ್ಣದಲ್ಲಿರಬೇಕು. ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಬಿದ್ದ ಜಿಲೆಟಿನ್ ಸುಕ್ಕುಗಟ್ಟುವುದುಂಟು. ಆ ಸುಕ್ಕನ್ನು ಕಣವೆಂದು ಭ್ರಮಿಸಿ ಫಿಲ್ಮನ್ನು ಬೈದವರನ್ನೂ ನಾವು ಬಲ್ಲೆವು.

ಕಲಕುವ ವಿಷಯ. ನಮ್ಮ ಗುಮಾಸ್ತರು ಟ್ಯಾಂಕನ್ನು ಹುಳಿಯ ಹಂಡೆಯಂತೆ ಬಿಡದೆ ತಿರುಗಿಸಿದ್ದರಂತೆ. ಕಪ್ಪಿನ ಬದಿಯಲ್ಲಿ ದಣಿದ ಡೆವಲಪರು ಬಿಳುಪಿನ ಕಡೆಗೂ, ಬಿಳುಪಿನ ಬದಿಯ ಹೊಸ ಡೆವಲಪರು ಕಪ್ಪಿನ ಕಡೆಗೂ ಸರಿಯುವುದರಿಂದಲೇ ಅಂಚಿಗೆ ಗೆರೆ ಮೂಡುವುದು. ಬಿಡದೆ ಕಲಕಿದರೆ ಆ ಲಾಭ ಹೋಯಿತು. ನಿಮಿಷಕ್ಕೊಮ್ಮೆ ಹತ್ತು ಸೆಕೆಂಡು, ನಾಲ್ಕು ಸಲ ಮಗುಚಿದರೆ ಸಾಕು. ಸುಮ್ಮನೆ ಬಿಟ್ಟರೂ ಪಟ್ಟೆ ಪಟ್ಟೆಯಾಗುತ್ತದೆ. ಇಷ್ಟೆಲ್ಲ ಮಾಡಿದರೂ ರವೆಯ ಗಾತ್ರವನ್ನು ನಿಶ್ಚಯಿಸುವುದು ಹೆಚ್ಚಾಗಿ ಗಿರಣಿ, ಒಲೆಯಲ್ಲ: 400 ವೇಗದ ಫಿಲ್ಮು 100 ವೇಗದ್ದರಂತೆ ಎಂದಿಗೂ ಆಗದು. ಕೈ ನಡುಗಿ ತೆಗೆದ ಚಿತ್ರಕ್ಕೆ ಯಾವ ರಸಾಯನದಲ್ಲಿಯೂ ಮದ್ದಿಲ್ಲ.

ಕಾಫಿಯಿಂದಲೂ ಫಿಲ್ಮು ತೊಳೆಯಬಹುದೆಂದರೆ ನಮ್ಮವರು ನಕ್ಕಾರು. 1995ರಲ್ಲಿ ಅಮೆರಿಕದ ರೋಚೆಸ್ಟರಿನ ತಾಂತ್ರಿಕ ವಿದ್ಯಾಲಯವೊಂದರಲ್ಲಿ ಇನ್‌ಸ್ಟಂಟ್ ಕಾಫಿಪುಡಿ ಮತ್ತು ವಾಷಿಂಗ್ ಸೋಡಾ ಬೆರೆಸಿ ಚಿತ್ರ ಬರಿಸಿದರು. ಅನಂತರ ಅದಕ್ಕೆ ವಿಟಮಿನ್ ಸಿ ಕೂಡ ಸೇರಿತು. ಕುತೂಹಲವಿದ್ದವರು ಮಾಡಿ ನೋಡಲಿ, ಆದರೆ ಭಟ್ಟರಂಥವರ ಚಿತ್ರದ ಮೇಲಲ್ಲ. ಪರಿಕರ ಕಡಮೆಯೆಂದು ಕೊರಗುವವರು ಈ ನಗರದ ಸುಬ್ರತ ಮಿತ್ರರನ್ನು ನೆನೆಯಬಹುದು: ಸತ್ಯಜಿತ್ ರಾಯರ 1956ರ 'ಅಪರಾಜಿತೊ'ದಲ್ಲಿ ಕಾಶಿಯ ಮನೆಯ ಅಂಗಳಕ್ಕೆ ಅವರು ಹಗಲಿನ ಮೃದುವಾದ ಬೆಳಕನ್ನು ತಂದದ್ದು ಚೌಕಟ್ಟಿಗೆ ಬಿಗಿದ ಬಿಳಿಯ ಬಟ್ಟೆಯಿಂದ.

ಗುಮಾಸ್ತರು ಔಷಧದ ಅಂಗಡಿಯಿಂದ ಕೊಂಡ ಥರ್ಮಾಮೀಟರು ಜ್ವರ ನೋಡುವಂಥದು. ಅದು 35ಕ್ಕಿಂತ ಕೆಳಗೆ ಇಳಿಯದು. ಹಿಂದಿರುಗಿಸಿ, ಎಸ್‌ಪ್ಲನೇಡಿನಲ್ಲಿ ಅಲೆದು ಸರಿಯಾದುದನ್ನು ತಂದರು. ಎರಡನೆಯ ರೋಲು ಹೋಟೆಲಿನ ಮಂಜುಗಡ್ಡೆಯ ನೆರವಿನಿಂದ 24 ಡಿಗ್ರಿಯಲ್ಲಿ, ಅರ್ಧ ನೀರಿನ ಡಿ-76ರಲ್ಲಿ ತೊಳೆದದ್ದಾಯಿತು. ಎಂಟು ಅಂಗುಲಕ್ಕೆ ಮಾತ್ರ ಹಿಗ್ಗಿಸಿದ ಪ್ರತಿಯೊಂದು ರಿಜಿಸ್ಟರ್ಡ್ ಅಂಚೆಯಲ್ಲಿ ಕುಂದಾಪುರಕ್ಕೆ ಹೋಯಿತು. ರವೆ ಇನ್ನೂ ಇದೆ, ಸಣ್ಣ ರವೆ. ಮೀಸೆಯ ಎಳೆಗಳನ್ನು ಎಣಿಸಬಹುದು. ಭಟ್ಟರಿಂದ ಬಂದ ಕಾಗದದಲ್ಲಿ ಚಿತ್ರದ ಮಾತು ಒಂದೇ ಸಾಲು: ಎಡಗೈಯ ಮೇಲಿನ ಸುಟ್ಟ ಕಲೆಯೂ ಬಂದಿದೆಯೆಂದು ಮನೆಯವರು ಬೆರಳಿಟ್ಟು ತೋರಿಸಿದರಂತೆ.